ಇನ್ನೂರು ಹಲ್ಲು, ನಾಲ್ಕು ಕಣ್ಣು

ಮಾರ್ಚ್ 3, ಸೋಮವಾರ

ಮೂವತ್ತಾರನೇ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿ ಯಾರ್ಯಾರ ಮುಂದೆ ಕೈಕಟ್ಟಿ ನಿಲ್ಲಬೇಕೋ! ಹತ್ತು ವರ್ಷ ಸ್ವಂತ ಕ್ಲಿನಿಕ್ಕಿನಲ್ಲಿ ಹಲ್ಲು ಕಿತ್ತವಳು ನಾನು. ಇವತ್ತು ಕಾಲೇಜಿನ ಎಕ್ಸ್‌ರೇ ವಿಭಾಗದಲ್ಲಿ ಗೈಡ್ ಸರ್ ಮೇಜಿನ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದೆ. ನನ್ನ ಪ್ರಬಂಧದ ಸ್ಕ್ಯಾನುಗಳನ್ನು ನನ್ನ ಹಾಗೇ ಬೇರೆಯಾಗಿ ಓದಬೇಕಿದ್ದ ಎರಡನೇ ಓದುಗರು, ಒಬ್ಬ ಮೇಡಂ, ಕೆಲಸ ಬಿಟ್ಟು ಹೋಗಿದ್ದಾರೆ. ಮೇ ಕೊನೆಗೆ ಒಪ್ಪಿಸದಿದ್ದರೆ ಆರು ತಿಂಗಳು ಗೋವಿಂದ.

"ಚಿಂತೆ ಯಾಕಮ್ಮ? ಮನೇಲೇ ಇದ್ದಾರಲ್ಲ ನಿಮ್ಮತ್ತೆ," ಅಂದರು ಸರ್. "ನಿನ್ನೆ ಅವರೇ ಫೋನ್ ಮಾಡಿದ್ದರು. ನಾನು ನೋಡಿಕೊಡ್ತೀನಿ ಅಂದರು. ಪುಣ್ಯ ಮಾಡಿದ್ದೀಯ."

ಪುಣ್ಯವಂತೆ! ಅತ್ತೆ ಅಂದರೆ ಇದೇ ವಿಭಾಗವನ್ನು ಇಪ್ಪತ್ತು ವರ್ಷ ಆಳಿದವರು. ಗೈಡ್ ಸರ್ ಅವರ ಶಿಷ್ಯರು. ವಿದ್ಯಾರ್ಥಿಗಳೆಲ್ಲ ಅವರಿಗೆ ಇಟ್ಟ ಹೆಸರು ಭೂತಗನ್ನಡಿ. ಮದುವೆಯಾದ ಎರಡನೇ ವಾರ, ನಾನು ಚಿಕಿತ್ಸೆ ಮಾಡಿದ್ದ ಒಂದು ಹಲ್ಲಿನ ಎಕ್ಸ್‌ರೇಯನ್ನು ಹೆಮ್ಮೆಯಿಂದ ಅವರಿಗೆ ತೋರಿಸಿದ್ದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನೆಂಟರೆಲ್ಲ ಕೂತಿದ್ದ ಹಾಗೇ, "ಬೇರಿನ ಒಂದು ಕೆನಾಲ್ ತುಂಬದೆ ಬಿಟ್ಟಿದ್ದೀಯಲ್ಲೇ, ಆರು ತಿಂಗಳಲ್ಲಿ ಪೇಷೆಂಟ್ ವಾಪಸ್ ಬರ್ತಾನೆ ನೋಡು" ಅಂದರು. ಐದೇ ತಿಂಗಳಿಗೆ ಬಂದ. ಅವರು ಹೇಳಿದ್ದು ಸರಿ ಇತ್ತಲ್ಲ, ಹೊಟ್ಟೆಯುರಿ ಅದಕ್ಕೇ ಜಾಸ್ತಿ.

ಈಗ ಆ ಕಣ್ಣಿನ ಪಕ್ಕ ನನ್ನ ಕಣ್ಣನ್ನಿಟ್ಟು ಅಳೆಯಬೇಕಂತೆ. ಆಗಲಿ. ಈ ಸಲ ನಾನೂ ಬಿಡಲ್ಲ.

ಮಾರ್ಚ್ 6, ಗುರುವಾರ

ಕೆಲಸ ಶುರು. ಇನ್ನೂರು ಜನರ ದವಡೆಯ ಸ್ಕ್ಯಾನ್, ಹೆಸರು ಅಳಿಸಿ ಬರೀ ನಂಬರ್ ಕೊಟ್ಟಿದ್ದು. ಪ್ರತಿಯೊಂದರಲ್ಲೂ ನೋಡಬೇಕಾದದ್ದು ಒಂದೇ ಹಲ್ಲು, ಕೆಳಗಡೆ ಕೋರೆಹಲ್ಲಿನ ಹಿಂದಿನದು. ಪುಸ್ತಕ ಕೇಳಿದರೆ ಅದಕ್ಕೆ ಒಂದು ಬೇರು, ಬೇರಿನೊಳಗೆ ನರ ಇಳಿಯೋಕೆ ಒಂದು ಸಣ್ಣ ಕೊಳವೆ, ಅಂದರೆ ಒಂದು ಕೆನಾಲ್. ಆದರೆ ಬಾಯಿ ಪುಸ್ತಕ ಓದಿರಲ್ಲ. ಕೆಲವು ಅರ್ಧ ದಾರಿಯಲ್ಲಿ ಎರಡಾಗುತ್ತವೆ. ಕೆಲವು ಎರಡಾಗಿ, ಮನಸ್ಸು ಬದಲಾಯಿಸಿ, ಮತ್ತೆ ಒಂದಾಗುತ್ತವೆ. ತುದಿಯ ಹತ್ತಿರ ಬಂದು ಮೂರಾಗುವ ಪುಣ್ಯಾತ್ಮರೂ ಇದ್ದಾರೆ. ಬ್ರೆಡ್ ಕೊಯ್ದ ಹಾಗೆ ಹಲ್ಲನ್ನು ತೆಳ್ಳಗೆ ಅಡ್ಡ ಕೊಯ್ದ ಚಿತ್ರಗಳು. ಮೇಲಿಂದ ಕೆಳಗೆ ಇಳಿಯುತ್ತಾ, ಬೂದು ಉಂಗುರದೊಳಗಿನ ಕಪ್ಪು ಚುಕ್ಕೆ ಎಣಿಸಬೇಕು. ಡೈರಿಗೂ ಪಾಠ ಮಾಡ್ತಿದ್ದೀನಿ, ನನ್ನ ಕರ್ಮ.

ನಾನು ಕಾಲೇಜಿನಲ್ಲಿ ಓದೋದು, ಅತ್ತೆ ಮನೆಯ ಓದುವ ಕೋಣೆಯಲ್ಲಿ. ಇಬ್ಬರೂ ಮುಗಿಸುವ ತನಕ ಒಬ್ಬರ ಹಾಳೆ ಇನ್ನೊಬ್ಬರು ನೋಡುವ ಹಾಗಿಲ್ಲ, ಹಲ್ಲಿನ ಮಾತೇ ಎತ್ತುವ ಹಾಗಿಲ್ಲ. ಎರಡು ಬೇರೆ ಬೇರೆ ಕಣ್ಣು ಒಂದೇ ಉತ್ತರ ಕೊಟ್ಟರೆ ಮಾತ್ರ ಆ ಉತ್ತರಕ್ಕೆ ಬೆಲೆ.

ಊಟದ ಹೊತ್ತಿಗೆ ಮನೆ ಪರೀಕ್ಷಾ ಹಾಲ್ ಆಗಿತ್ತು. ಹನ್ನೊಂದು ವರ್ಷದಲ್ಲಿ ನಾವಿಬ್ಬರೂ ಹಲ್ಲಿನ ವಿಷಯ ಬಿಟ್ಟರೆ ಬೇರೇನೂ ಮಾತಾಡಿಯೇ ಇಲ್ಲ ಅಂತ ಆಗ ಹೊಳೆಯಿತು. ಅತ್ತೆ "ಆ ಹದಿನೇಳನೇದು..." ಅಂತ ಬಾಯಿ ತೆಗೆದು ನಾಲಿಗೆ ಕಚ್ಚಿಕೊಂಡರು. ನನ್ನ ಗಂಡ ತಟ್ಟೆ ನೋಡಿಕೊಂಡು ನಗುತ್ತಿದ್ದರು. ಅವರದು ಯಾವಾಗಲೂ ಅಡ್ಡಗೋಡೆಯ ಮೇಲಿನ ದೀಪ, ಅಮ್ಮನ ಕಡೆಗೂ ಬೆಳಕು, ಹೆಂಡತಿ ಕಡೆಗೂ ಬೆಳಕು.

ಮಾರ್ಚ್ 12, ಬುಧವಾರ

ಅರವತ್ತೆರಡು ಮುಗಿದವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ ನೋಡಿ, ಈಗ ಕಣ್ಣು ಮುಚ್ಚಿದರೂ ಚುಕ್ಕೆ. ಒಂದು ಕಡೆ ಕೂರೋಕೆ ಆಗ್ತಿಲ್ಲ. ಹತ್ತು ಹಲ್ಲಿಗೊಮ್ಮೆ ಎದ್ದು ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೀತೀನಿ. ಗುಡಿಸುವಾಕೆ ಇವತ್ತು "ಏನ್ ಡಾಕ್ಟ್ರೇ, ಏನಾದ್ರೂ ಕಳಕೊಂಡ್ರಾ?" ಅಂತ ಕೇಳಿದಳು.

ಅತ್ತೆಗೆ ಹೊಸ ಹೊಸ ಗತ್ತು. ಓದುವ ಕೋಣೆಗೆ ದಪ್ಪ ಪರದೆ ಹಾಕಿಸಿದ್ದಾರೆ. ಬೂದು ಬಣ್ಣ ಕಾಣಬೇಕಾದರೆ ಕತ್ತಲೆ ಬೇಕು, ಸರಿ, ನಮಗೆಲ್ಲ ಹೇಳಿಕೊಟ್ಟಿದ್ದೂ ಅದೇ. ಆದರೆ ಮೌಸ್ ಸರಿ ಇಲ್ಲ ಅಂತ ಎರಡು ಸಲ ಬದಲಾಯಿಸಿದರು. ಪೇಪರಿನವರು ಶಾಯಿ ಉಳಿಸ್ತಿದ್ದಾರೆ ಅಂತ ಬೈದು, ಈಗ ಮಗನ ಕೈಲಿ ಓದಿಸಿಕೊಳ್ಳುತ್ತಾರೆ. ನಿನ್ನೆ ಸಂಜೆ ನಾನು ಗೇಟಿನ ಹತ್ತಿರ ನಿಂತಿದ್ದರೆ, ನನ್ನ ಮುಖಕ್ಕೆ ಮುಖ ಕೊಟ್ಟು ನೋಡಿ, ಒಂದು ಮಾತೂ ಆಡದೆ ಒಳಗೆ ಹೋದರು. ಅಷ್ಟು ಕೊಬ್ಬು! ನಾನೇನು ಗೇಟಿನ ಕಂಬವಾ?

ಮಂಗಳವಾರ, ಗುರುವಾರ ಬಂದರೆ ಮಾತ್ರ ಉತ್ಸಾಹ. ಸ್ಕ್ಯಾನ್ ಸೆಂಟರಿಗೆ ಹೋಗಿ ವರದಿಗಳಿಗೆ ಸಹಿ ಹಾಕುವ ದಿನಗಳು. ದವಡೆಯಲ್ಲಿ ನರ ಎಷ್ಟು ಆಳದಲ್ಲಿದೆ ಅಂತ ಅವರು ಬರೆದ ಮಿಲಿಮೀಟರ್ ನಂಬಿ ಸರ್ಜನ್‌ಗಳು ಹೊಸ ಹಲ್ಲು ಕೂರಿಸೋಕೆ ಮೂಳೆಗೆ ಸ್ಕ್ರೂ ಇಳಿಸುತ್ತಾರೆ. ಅರವತ್ತೇಳು ವರ್ಷಕ್ಕೂ ಆ ಸಹಿಯ ಜಂಬ ನೋಡಬೇಕು.

ಮಾರ್ಚ್ 13, ಗುರುವಾರ

ಎಪ್ಪತ್ತೊಂದು. ಬರೆಯೋಕೂ ಮನಸ್ಸಿಲ್ಲ.

ಮಾರ್ಚ್ 27, ಗುರುವಾರ

ಇಬ್ಬರ ಹಾಳೆಯೂ ಮೊನ್ನೆಯೇ ಲೆಕ್ಕದ ಮೇಷ್ಟ್ರ ಕೈಗೆ ಹೋಗಿತ್ತು. ಕಾಲೇಜಿನ ಪ್ರಬಂಧಗಳ ಅಂಕಿಅಂಶವೆಲ್ಲ ಅವರೇ ನೋಡೋದು. ಇವತ್ತು ಉತ್ತರ ಬಂತು. ಕಪ್ಪಾ ಅಂತ ಒಂದು ಸಂಖ್ಯೆ ಇದೆ. ಇಬ್ಬರೂ ಎಲ್ಲಾ ಹಲ್ಲಿಗೂ ಒಂದೇ ಉತ್ತರ ಬರೆದಿದ್ದರೆ ಒಂದು. ನೋಡದೆ ಬಾಯಿಗೆ ಬಂದದ್ದು ಬರೆದಿದ್ದರೆ ಸೊನ್ನೆಯ ಆಸುಪಾಸು. ಪಾಯಿಂಟ್ ಎಂಟು ದಾಟಿದರೆ ತಲೆ ಎತ್ತಿ ಓಡಾಡಬಹುದು.

ನಮ್ಮದು ಪಾಯಿಂಟ್ ಐದು ಎರಡು.

ಗೈಡ್ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಕಡೆ ಭೂತಗನ್ನಡಿ, ಒಂದು ಕಡೆ ನೀನು. ಯಾರ ಕಣ್ಣು ತಪ್ಪು ಅಂತ ನಾನು ಬಾಯಿಬಿಟ್ಟು ಹೇಳಬೇಕಾ?"

ಮುಖಕ್ಕೆ ಹೊಡೆದ ಹಾಗಾಯಿತು. "ಸರ್, ನಾನು ಒಂದೊಂದನ್ನೂ ಮೂರು ಸಲ ನೋಡಿದ್ದೀನಿ."

"ಮೂರು ಸಲ ತಪ್ಪಾಗಿ ನೋಡಿದ್ದೀಯ. ಹತ್ತು ದಿನ ಬಿಡು. ಆಮೇಲೆ ನಲವತ್ತು ಹಲ್ಲನ್ನು ಕಲಸಿ, ನಂಬರ್ ಬದಲಾಯಿಸಿ ಇಬ್ಬರಿಗೂ ಕೊಡ್ತೀನಿ. ಯಾರ ಎರಡನೇ ಉತ್ತರ ಅವರದೇ ಮೊದಲನೇ ಉತ್ತರಕ್ಕೆ ಎಷ್ಟು ಹೊಂದುತ್ತೆ ನೋಡೋಣ. ಅಲ್ಲಿಯ ತನಕ ಮನೇಲಿ ಹಲ್ಲಿನ ಸುದ್ದಿ ಬೇಡ."

ಮನೆಗೆ ಬಂದು ಅತ್ತೆಗೆ ಸಂಖ್ಯೆ ಹೇಳಿದೆ. ಬೈತಾರೆ ಅಂತ ಕಾಯ್ತಿದ್ದೆ. "ಐದು ಎರಡಾ," ಅಂದರು, ಅಷ್ಟೇ. ಬೈದಿದ್ದರೆ ಪರವಾಗಿರಲಿಲ್ಲ. ಮೈ ಪರಚಿಕೊಳ್ಳೋ ಹಾಗಾಗಿದೆ.

ಏಪ್ರಿಲ್ 4, ಶುಕ್ರವಾರ

ಹಲ್ಲಿನ ಮಾತಿಲ್ಲ, ಬೇರೆ ಮಾತಿಲ್ಲದೆ ಗತಿಯಿಲ್ಲ. ಸಂಜೆ ಹೊರಗಿನ ಮೆಟ್ಟಿಲ ಮೇಲೆ ಕೂತು ಅತ್ತೆ ಮಾವನ ಕಥೆ ತೆಗೆದರು. ನಾನು ಬರುವ ಮೊದಲೇ ತೀರಿಕೊಂಡವರು. ಆ ಮನುಷ್ಯನಿಗೆ ಹಲ್ಲಿನ ಡಾಕ್ಟರೆಂದರೆ ಪ್ರಾಣಭಯವಂತೆ! "ಮದುವೆಯಾದ ಮೇಲೆ ಹದಿನಾಲ್ಕು ವರ್ಷ ನನಗೆ ಬಾಯಿ ತೋರಿಸಲಿಲ್ಲ ಕಣೆ," ಅಂದರು. "ಒಂದು ದಿನ ನನಗೆ ಆಗದ ಹಲ್ಲಿನ ಡಾಕ್ಟರೊಬ್ಬಳ ಕ್ಲಿನಿಕ್ಕಿನ ಲಕೋಟೆ ಇವರ ಕೋಟಿನ ಜೇಬಲ್ಲಿ ಸಿಕ್ತು. ಎರಡು ವರ್ಷದಿಂದ ಕದ್ದುಮುಚ್ಚಿ ಅವಳ ಹತ್ರ ಹೋಗ್ತಿದ್ದರು. ನನಗೆ ಸಿಟ್ಟು ಬಂದಿದ್ದು ಕದ್ದು ಹೋಗಿದ್ದಕ್ಕಲ್ಲ. ಅವಳು ತುಂಬಿದ ಹಲ್ಲು ಅಷ್ಟು ಚೆನ್ನಾಗಿತ್ತು!"

ನಕ್ಕು ನಕ್ಕು ಹೊಟ್ಟೆ ನೋವು ಬಂತು. ಒಳಗಿಂದ ನನ್ನ ಗಂಡ ಬಂದು ಇಬ್ಬರ ಮುಖವನ್ನೂ ನೋಡಿ ವಾಪಸ್ ಹೋದರು.

ಮಾತಾಡುತ್ತಾ ಉಗುರು ಕತ್ತರಿಸಿಕೊಳ್ಳೋಕೆ ಹೋಗಿ ಅತ್ತೆ ಬೆರಳು ಗಾಯ ಮಾಡಿಕೊಂಡರು. ಕತ್ತರಿ ಕಿತ್ತುಕೊಂಡು ನಾನೇ ಕತ್ತರಿಸಿದೆ, ಹತ್ತೂ ಬೆರಳು. ಹಳೆಯ ಕಾಲದಲ್ಲಿ ಫಿಲ್ಮ್ ತೊಳೆಯುತ್ತಿದ್ದ ದ್ರಾವಣಕ್ಕೆ ಅವರ ಉಗುರೆಲ್ಲ ಕಂದಾಗಿರುತ್ತಿತ್ತಂತೆ. ಈಗ ಬೆಳ್ಳಗಿವೆ.

ನಾಳೆ ಗೈಡ್ ಸರ್ ಹತ್ತಿರ ಹೋಗಿ ಬೇರೆ ಓದುಗರನ್ನು ಕೇಳಬೇಕು ಅಂದುಕೊಂಡಿದ್ದೆ. ಯಾಕೋ ಬೇಡ ಅನ್ನಿಸಿತು.

ಏಪ್ರಿಲ್ 11, ಶುಕ್ರವಾರ

ನಲವತ್ತನ್ನೂ ಮತ್ತೆ ಓದಿ ಕೊಟ್ಟೆ. ಅತ್ತೆ ನಾಲ್ಕು ದಿನ ತೆಗೆದುಕೊಂಡರು. ಕೋಣೆಯಿಂದ ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು. "ನಿದ್ದೆ ಇಲ್ಲ," ಅಂದರು. ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ.

ಏಪ್ರಿಲ್ 16, ಬುಧವಾರ

ಲೆಕ್ಕದ ಮೇಷ್ಟ್ರು ಮಧ್ಯಾಹ್ನ ಕರೆದು ಹಾಳೆ ಕೊಟ್ಟರು. "ಗೈಡ್‌ಗೆ ಇನ್ನೂ ತೋರಿಸಿಲ್ಲ. ಮೊದಲು ನೀವು ನೋಡಿ," ಅಂದರು, ಒಂಥರಾ ಮುಖ ಮಾಡಿಕೊಂಡು.

ನನ್ನದು ನನ್ನ ಜೊತೆ: ಪಾಯಿಂಟ್ ಒಂಬತ್ತು ಒಂದು.

ಗೆದ್ದೆ! ಕುರ್ಚಿಯಲ್ಲೇ ಒಂದು ಸಲ ಎಗರಿದೆ. ಹನ್ನೊಂದು ವರ್ಷದ ಉರಿ ತಣ್ಣಗಾಯಿತು ಅಂದುಕೊಂಡೆ. ಕೆಳಗಿನ ಸಾಲು ನೋಡಿದೆ. ಅತ್ತೆಯದು ಅತ್ತೆಯ ಜೊತೆ: ಪಾಯಿಂಟ್ ನಾಲ್ಕು ಒಂದು.

ಅವರು ನನ್ನ ಜೊತೆ ಹೊಂದದಿದ್ದರೆ ಬೇರೆ ಮಾತು. ಅವರು ಅವರ ಜೊತೆಗೇ ಹೊಂದಿಲ್ಲ. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿದೆ. ದೊಡ್ಡ ಕೆನಾಲ್ ಇರುವ ಹಲ್ಲೆಲ್ಲ ಸರಿ. ಬೇರಿನ ಆಳದಲ್ಲಿ ಚುಕ್ಕೆ ಸೂಜಿಮೊನೆಯಷ್ಟಾಗಿ ಎರಡಾಗುತ್ತದಲ್ಲ, ಅಲ್ಲೆಲ್ಲ ಮೊದಲ ಸಲ ಒಂದು, ಎರಡನೇ ಸಲ ಎರಡು. ಇಲ್ಲವೇ ಮೊದಲು ಎರಡು, ಆಮೇಲೆ ಒಂದು. ತಲೆಬುಡ ಇಲ್ಲ. ಅವರಿಗೆ ಕಾಣ್ತಿಲ್ಲ. ಊಹೆ ಮಾಡಿದ್ದಾರೆ.

ಪೇಪರ್, ಮೌಸ್, ಪರದೆ, ಗೇಟಿನ ಹತ್ತಿರ ನಾನು. ಅಯ್ಯೋ ನನ್ನ ಬುದ್ಧಿಗಿಷ್ಟು! ಕಂಬದ ಹಾಗೆ ನಿಂತಿದ್ದೆ, ಕೊಬ್ಬು ಅಂತ ಬರೆದುಕೊಂಡೆ.

ಬಸ್ಸಿನಲ್ಲಿ ಕೂರೋಕಾಗದೆ ಎರಡು ಸ್ಟಾಪ್ ಮೊದಲೇ ಇಳಿದು ನಡೆದೆ. ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಇದ್ದರು. "ಬಂತಾ?"

"ಬಂತು."

"ನಂದೆಷ್ಟು?"

"ಎಂಟು ನಾಲ್ಕು," ಅಂದೆ. ಬಾಯಿಂದ ತಾನಾಗಿ ಬಂತು. "ನಂದು ಎಂಟು ಆರು. ಇಬ್ಬರದೂ ಪರವಾಗಿಲ್ಲ ಅತ್ತೆ. ಸ್ಕ್ಯಾನೇ ಮಸುಕಾಗಿವೆ, ಮೆಷಿನ್ ಹಳೇದು."

"ಹೂಂ," ಅಂದರು. ಒಳಗೆ ತಿರುಗುತ್ತಾ, "ಕೈಕಾಲು ತೊಳ್ಕೊಂಡು ಬಾ, ಊಟ ಮಾಡೋಣ," ಅಂದರು.

ಅಷ್ಟೇ ತಾನೇ. ಒಂದು ಸಂಖ್ಯೆ. ಅವರ ಹಾಳೆಯನ್ನು ಸದ್ದಿಲ್ಲದೆ ಬದಿಗಿಟ್ಟು ಗೈಡ್ ಸರ್‌ಗೇ ಓದೋಕೆ ಹೇಳಿದರಾಯಿತು. ಯಾರಿಗೇನು ನಷ್ಟ?

ಏಪ್ರಿಲ್ 17, ಗುರುವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಬೆಳಿಗ್ಗೆ ಕಾಲೇಜಿನ ಕಾರಿಡಾರಿನಲ್ಲಿ ಒಬ್ಬ ಸರ್ಜನ್ ಎದುರಿಗೆ ಬಂದರು, ಕೈಯಲ್ಲಿ ಸ್ಕ್ಯಾನ್ ಸೆಂಟರಿನ ಕವರ್. "ನಿಮ್ಮತ್ತೆ ವರದಿ," ಅಂತ ಎತ್ತಿ ತೋರಿಸಿದರು. "ನಾಳೆ ಸ್ಕ್ರೂ ಹಾಕಬೇಕು. ಬೇರೆಯವರು ಬರೆದಿದ್ದರೆ ನಾನೂ ಒಂದು ಸಲ ಅಳೀತಿದ್ದೆ. ಇವರ ಸಹಿ ಇದ್ದರೆ ಕಣ್ಣುಮುಚ್ಚಿಕೊಂಡು ಡ್ರಿಲ್ ಹಿಡಿಯಬಹುದು."

ಇವತ್ತು ಗುರುವಾರ. ಒಂಬತ್ತು ಗಂಟೆಗೇ ಅತ್ತೆ ಸೆಂಟರಿಗೆ ಹೊರಟಿದ್ದರು, ನಾನೇ ಚೀಲ ಕೈಗೆ ಕೊಟ್ಟು ಕಳಿಸಿದ್ದೆ. ಎಂಟು ನಾಲ್ಕು ಅಂತ ಹೇಳಿ, ಧೈರ್ಯ ತುಂಬಿ ಕಳಿಸಿದ್ದೆ!

"ಸರ್, ದಯವಿಟ್ಟು ನೀವೇ ಅಳೆದು ನೋಡಿ. ಇವತ್ತೇ ನೋಡಿ," ಅಂದೆ. ಅವರು ಏನು ಅಂತ ಕೇಳುತ್ತಿರುವ ಹಾಗೇ ಓಡಿದೆ. ಆಟೋದಲ್ಲಿ ಕೂತರೂ ಕಾಲು ಓಡುತ್ತಲೇ ಇತ್ತು.

ಸೆಂಟರಿನ ಒಳಕೋಣೆ ಕತ್ತಲಾಗಿತ್ತು, ಕಂಪ್ಯೂಟರ್ ಪರದೆ ಒಂದೇ ಬೆಳಗುತ್ತಿತ್ತು. ಅತ್ತೆ ಅದಕ್ಕೆ ಮೂಗು ತಾಗುವಷ್ಟು ಹತ್ತಿರ, ತಲೆ ಓರೆ ಮಾಡಿಕೊಂಡು ಕೂತಿದ್ದರು. ನನ್ನ ಹೆಜ್ಜೆ ಕೇಳಿ, "ಬಂದೆಯಾ," ಅಂದರು, ತಿರುಗದೆ.

"ಅತ್ತೆ, ನಿನ್ನೆ ಹೇಳಿದ್ದು ಸುಳ್ಳು. ಎಂಟು ನಾಲ್ಕಲ್ಲ. ನಾಲ್ಕು ಒಂದು."

"ಗೊತ್ತು. ನಲವತ್ತರಲ್ಲಿ ಹದಿನೈದು ನನಗೆ ಕಾಣಲೇ ಇಲ್ಲ, ಬಾಯಿಗೆ ಬಂದದ್ದು ಬರೆದೆ. ಅದಕ್ಕೆ ಎಂಟು ನಾಲ್ಕು ಎಲ್ಲಿಂದ ಬರುತ್ತೆ?"

"ಮತ್ತೆ ನಿನ್ನೆ ಯಾಕೆ ಸುಮ್ಮನಿದ್ದಿರಿ?"

"ನಂಬೋಣ ಅನ್ನಿಸ್ತು ಕಣೆ. ಒಂದು ರಾತ್ರಿ ನಂಬಿದೆ." ಮೌಸಿನಿಂದ ಕೈ ತೆಗೆದರು. "ಬೆಳಿಗ್ಗೆ ಇಲ್ಲಿ ಬಂದು ಕೂತೆ. ಒಂಬತ್ತು ಸ್ಕ್ಯಾನ್ ಇವೆ. ಒಂದಕ್ಕೂ ಸಹಿ ಹಾಕೋಕೆ ಕೈ ಬರಲಿಲ್ಲ."

ಡಿಸೆಂಬರಿನಿಂದಂತೆ. ನೋಡುವ ಕಡೆ ನಡುವೆಯೇ ಒಂದು ಮಸುಕು, ಸುತ್ತ ಮಾತ್ರ ಚೆನ್ನಾಗಿದೆಯಂತೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಲಿಲ್ಲ. ಯಾಕೆ ಅಂತ ಕೇಳಿದರೆ, "ನೀನು ಹೋಗ್ತಿದ್ದೆಯಾ?" ಅಂದರು.

"ನನ್ನ ಕಣ್ಣು ಹೋಗಿದೆಯಾ, ನನಗೆ ಭ್ರಮೆಯಾ ಅಂತ ತಿಳಿಯೋಕೆ ಒಂದು ಸಂಖ್ಯೆ ಬೇಕಿತ್ತು. ನನ್ನ ಮಗ ಹೇಳಲ್ಲ. ಶಿಷ್ಯರು ಹೇಳಲ್ಲ, ಅವರಿಗೆಲ್ಲ ನಾನು ಅಂದರೆ ಮರ್ಯಾದೆ. ಅದಕ್ಕೇ ನಿನ್ನ ಗೈಡ್‌ಗೆ ಫೋನ್ ಮಾಡಿದ್ದು. ನನ್ನ ಮೇಲೆ ಕರುಣೆ ಇಲ್ಲದವಳು ಆ ಮನೇಲಿ ನೀನೊಬ್ಬಳೇ ಇದ್ದೆ." ಆಮೇಲೆ ರೋಗ ವಿಚಾರಿಸುವ ಹಾಗೆ ಕೇಳಿದರು: "ಯಾವಾಗ ಶುರುವಾಯ್ತೇ ನಿನಗೆ ಈ ಕರುಣೆ?"

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.

ಅತ್ತೆ ಸೆಂಟರಿನ ಮಾಲೀಕರನ್ನು ಒಳಗೆ ಕರೆಸಿದರು. ಡಿಸೆಂಬರಿನಿಂದ ತಾವು ಸಹಿ ಹಾಕಿದ ಅಷ್ಟೂ ವರದಿಯನ್ನು ಬೇರೆಯವರ ಕೈಲಿ ಮತ್ತೆ ಓದಿಸಬೇಕು ಅಂದರು. ಅವರು "ಮೇಡಂ, ಅಷ್ಟೆಲ್ಲ ಯಾಕೆ, ಹೊರಗೆ ಗೊತ್ತಾದರೆ ನಿಮ್ಮ ಹೆಸರು..." ಅಂದರೆ, "ನನ್ನ ಹೆಸರು ನೋಡಿಕೊಂಡೇ ತಾನೇ ಅವರೆಲ್ಲ ಡ್ರಿಲ್ ಹಿಡಿದಿದ್ದು?" ಅಂದರು. ನಾನೂ ಓದೋಕೆ ಬರ್ತೀನಿ ಅಂದೆ.

ಏಪ್ರಿಲ್ 24, ಗುರುವಾರ

ಕಣ್ಣಿನ ಆಸ್ಪತ್ರೆ. ಕಣ್ಣಿನ ಹಿಂಭಾಗದ ಪದರವೇ ನಡುವೆ ಸವೆದಿದೆಯಂತೆ. ಸೂಜಿಮದ್ದಿನಿಂದ ಎಡಗಣ್ಣನ್ನು ಇರುವಷ್ಟಕ್ಕೆ ನಿಲ್ಲಿಸಬಹುದು. ಹೋದದ್ದು ಬರಲ್ಲ.

ಹೊರಗೆ ಬಂದು ಅತ್ತೆ, "ಆ ಡಾಕ್ಟರ್ ಹಲ್ಲು ಹೇಗಿತ್ತು? ಮಾತಾಡುವಾಗ ಸೀಟಿ ಹೊಡೀತಿತ್ತು," ಅಂದರು. ಮುಂದಿನದೊಂದು ಮುರಿದಿದೆ ಅಂದೆ. "ಹಂಗೆ ಹೇಳು," ಅಂದರು.

ಮೇ 5, ಸೋಮವಾರ

ಓದಿ ಮುಗಿಯಿತು. ನೂರ ಮೂವತ್ತೆಂಟು ವರದಿ, ಸೆಂಟರಿನ ಹೊಸ ಡಾಕ್ಟರೂ ನಾನೂ ಬೇರೆ ಬೇರೆ ಕೂತು ಓದಿದ್ದು. ಹನ್ನೊಂದರಲ್ಲಿ ತಪ್ಪಿದೆ. ಕಾರಿಡಾರಿನ ಸರ್ಜನ್ ಕೈಲಿದ್ದ ವರದಿಯೂ ಆ ಹನ್ನೊಂದರಲ್ಲಿದೆ; ಅವರು ಅಳೆದು ನೋಡಿ ಸ್ಕ್ರೂ ಚಿಕ್ಕದು ಮಾಡಿಸಿದ್ದರು. ಅದೂ ಸೇರಿ ಹತ್ತರಲ್ಲಿ ಏನೂ ಅನಾಹುತ ಆಗಿಲ್ಲ. ಹನ್ನೊಂದನೆಯವರು ಬಸ್ ಡ್ರೈವರ್. ನರ ನಾಲ್ಕು ಮಿಲಿಮೀಟರ್ ದೂರ ಇದೆ ಅಂತ ಅತ್ತೆ ಬರೆದಿದ್ದರು. ಇದ್ದದ್ದು ಒಂದೂವರೆ. ಫೆಬ್ರವರಿಯಲ್ಲೇ ಸ್ಕ್ರೂ ಹಾಕಿ ಆಗಿದೆ. ಅವರ ಕೆಳತುಟಿ ಅರ್ಧ ಭಾಗ ಮರಗಟ್ಟಿದೆ, ನೀರು ಕುಡಿದರೆ ಗೊತ್ತಾಗದೆ ಸೋರುತ್ತದೆ. ಸ್ಪರ್ಶ ಮತ್ತೆ ಬರಬಹುದು, ಬರದೆಯೂ ಇರಬಹುದು.

ಇವರು ಅಡುಗೆಮನೆಗೆ ಬಂದು, "ಅದೊಂದು ಅಮ್ಮನಿಗೆ ಹೇಳಬೇಡ ಕಣೆ. ಹತ್ತು ಅನ್ನು ಸಾಕು," ಅಂದರು. ಈ ಸಲ ಅಡ್ಡಗೋಡೆ ಇಳಿದೇ ಬಂದಿದ್ದರು. ಪಾಪ, ಕಣ್ಣಲ್ಲಿ ನೀರಿತ್ತು. ನನಗೂ ಹತ್ತು ಅನ್ನೋದೇ ಬಾಯಿಗೆ ಬರುತ್ತಿತ್ತು, ಸುಳ್ಳು ಯಾಕೆ. ಈ ವರದಿಗಳ ನಡುವೆ ಪ್ರಬಂಧ ಆರು ತಿಂಗಳು ಮುಂದೆ ಹೋದ ವಿಷಯ ಬರೆಯೋದೇ ಮರೆತಿದ್ದೆ, ಹೋಗಿದೆ.

ಅತ್ತೆ ಓದುವ ಕೋಣೆಯಲ್ಲಿದ್ದರು. ಪರದೆ ಪೂರ್ತಿ ಸರಿಸಿ, ಬಿಸಿಲಲ್ಲಿ ಕೂತಿದ್ದರು.

"ಎಷ್ಟು?"

"ಹನ್ನೊಂದು."

"ಒಂದೊಂದಾಗಿ ಹೇಳು."

ಹೇಳಿದೆ. ಎಡ, ಬಲ, ಬರೆದದ್ದೆಷ್ಟು, ಇದ್ದದ್ದೆಷ್ಟು. ಹನ್ನೊಂದನೆಯದಕ್ಕೆ ಬಂದಾಗ ತುಟಿಯ ವಿಷಯವನ್ನೂ ಹೇಳಿದೆ, ನೀರು ಸೋರುವುದನ್ನೂ ಹೇಳಿದೆ. ಅತ್ತೆ ಅತ್ತರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನೋಡಿದ್ದು. ಪರವಾಗಿಲ್ಲ ಬಿಡಿ ಅಂತ ನಾನು ಹೇಳಲಿಲ್ಲ, ಕೈ ಮಾತ್ರ ಹಿಡಿದುಕೊಂಡಿದ್ದೆ.

ಮುಖ ಒರೆಸಿಕೊಂಡು, "ಆ ಡ್ರೈವರ್ ಫೋನ್ ನಂಬರ್ ಇದೆಯಾ?" ಅಂದರು.

ಅಂಕಿ ಅವರಿಗೆ ಕಾಣಲ್ಲ. ನಾನೇ ಒತ್ತಿ ಫೋನನ್ನು ಅವರ ಕೈಗೆ ಕೊಟ್ಟೆ. ಆ ಕಡೆಯಿಂದ ತೊದಲುವ ದನಿಯಲ್ಲಿ ಯಾರೋ "ಹಲೋ" ಅಂದದ್ದು ನನಗೂ ಕೇಳಿಸಿತು. ಅತ್ತೆ ಕುರ್ಚಿಯಿಂದ ಎದ್ದು ನಿಂತು, ತಮ್ಮ ಪೂರ್ತಿ ಹೆಸರು ಹೇಳಿ, "ನಿಮ್ಮ ವರದಿ ಬರೆದವಳು ನಾನು," ಅಂದರು.